ಪತ್ತೇದಾರಿ ಪುಸ್ತಕದ ಮುಂದಿನ ಪುಸ್ತಕ

‘ಜನ ಅಗ್ಗದ ಕಾದಂಬರಿ ಓದಿದರೂ ಅಡ್ಡಿಯಿಲ್ಲ, ಮುಂದೆ ಒಳ್ಳೇದನ್ನ ಓದ್ತಾರೆ’ ಎಂದು ಬಲ್ಲವರು ನಮಗೆ ರಿಯಾಯಿತಿ ಕೊಡುತ್ತಾರೆ. ಈ ಮಾತು ಅರ್ಧ ನಿಜ. ಉಳಿದರ್ಧವನ್ನು ಚರಿತ್ರೆಯಲ್ಲಿ ಹುಡುಕಬೇಕು.

ನಮ್ಮ ಸದಾಶಿವಗಡದಿಂದಲೇ ಶುರು ಮಾಡೋಣ. ಇಲ್ಲಿ ಮನೆಮಾತು ಬಹುಪಾಲು ಕೊಂಕಣಿ. 1862ರಿಂದ 1956ರವರೆಗೆ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಟಾಗೋರರು ಬಂದು, ಕಾಳಿ ನದಿಯಲ್ಲಿ ದೋಣಿಯೇರಿ ಸುತ್ತಾಡಿದರು, ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. 1884ರಲ್ಲಿ ಪ್ರಕಟವಾದ ಆ ನಾಟಕದಲ್ಲಿ ಊರವರು ಮುಟ್ಟದ ಅನಾಥ ಹುಡುಗಿಯೊಬ್ಬಳಿದ್ದಾಳೆ. ಆದರೆ ಕಾರವಾರ, ಅಂಕೋಲೆಯ ಮುಕ್ರಿ, ಆಗೇರ ಕೇರಿಗಳ ಹುಡುಗಿಗೆ ಆ ಬಂಗಾಳಿ ಪುಸ್ತಕ ಎಲ್ಲಿ ಸಿಗಬೇಕು? ಅಕ್ಷರವೇ ಅವಳ ಹತ್ತಿರ ಬಂದಿರಲಿಲ್ಲ. ಒಳ್ಳೆಯ ಪುಸ್ತಕ ನೆರೆಯಲ್ಲೇ ಹುಟ್ಟಿದರೂ ಒಳಗೆ ಬರಲಿಲ್ಲ.

ಕನ್ನಡಕ್ಕೆ ಓದುಗರನ್ನು ಕೂಡಿಸಿದ್ದು ರಂಜನೆಯ ಪುಸ್ತಕವೇ. ಗಳಗನಾಥರು (1869-1942) ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಬರೇ ನಾಲ್ಕನೇ ಇಯತ್ತೆ ಕಲಿತ ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಹಿಡಿದು ಐನೂರರಷ್ಟು ಪತ್ತೇದಾರಿ ಕಾದಂಬರಿ ಬರೆದರು. ಅಕ್ಷರ ಕೂಡಿಸಿ ಕೂಡಿಸಿ ಓದುವ ದೊಡ್ಡವರಿಗೆ ಕೊನೆಯ ಪುಟದವರೆಗೆ ಎಳೆದೊಯ್ಯುವ ಕಥೆ ಬೇಕು. ಕೊಲೆ ಮಾಡಿದವ ಯಾರು ಎಂಬ ಕುತೂಹಲ ಆ ಕೆಲಸ ಮಾಡಿತು. ಇದನ್ನು ಕಸ ಅನ್ನುವವರು ಮೊದಲ ತಲೆಮಾರಿನ ಓದಿನ ಕಷ್ಟ ಕಂಡವರಲ್ಲ.

ಆದರೆ ಒಂದು ಪತ್ತೇದಾರಿ ಪುಸ್ತಕ ತಾನಾಗಿ ತೋರಿಸುವ ದಾರಿ ಇನ್ನೊಂದು ಪತ್ತೇದಾರಿ ಪುಸ್ತಕಕ್ಕೇ. ಬೇರೆ ಪುಸ್ತಕ ಕೈಗೆಟುಕಬೇಕು. ಎಟುಕಿದರೂ ಅದರೊಳಗೆ ನಮ್ಮವರು ಇರಬೇಕು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಬೀದಿಯಲ್ಲಿ ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋಯಿತು. ‘ಒಳ್ಳೆಯದು’ ಯಾರ ಒಳ್ಳೆಯದು ಎಂದು ಕೇಳಿದ್ದೇ ಅವರ ಅಪರಾಧ. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದವು. ಕೇರಿಯ ಮಾತು ಅಚ್ಚಾಯಿತು.

ಗ್ರಂಥಾಲಯ ಕಾಯ್ದೆ 1965ರಲ್ಲೇ ಆಗಿದೆ. ನಾವು ಕೇಳುವುದು ಇಷ್ಟೇ: ನರಸಿಂಹಯ್ಯನವರ ಪಕ್ಕದಲ್ಲೇ ಮಹಾದೇವರೂ ಇರಲಿ, ಕೂಲಿ ಮುಗಿಸಿ, ಬಲೆ ಒಣಗಿಸಿ ಬರುವ ಹೊತ್ತಿಗೆ ಬಾಗಿಲು ತೆರೆದಿರಲಿ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದನ್ನು ನಮ್ಮ ಜನ ನೋಡ್ಕೊಳ್ತಾರೆ.