ತಂದೆಯರ ನೆನಪಿನ ಎರಡು ಗುಡಿಗಳು

ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ತಾವು ನೋಡಿಯೇ ಇರುತ್ತೀರಿ. ಆಷಾಢದ ತೇರಿಗೆ ಹೊಸ ಮದುವೆಯ ಜೋಡಿಗಳು ಹಣ್ಣುಜವನ ಎಸೆಯುವ ಸಂಭ್ರಮ ಯಾರಿಗೆ ತಿಳಿಯದು? ಊರಿನ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿಯೇ. 1796ರಲ್ಲಿ ಅವರು ತೀರಿಕೊಂಡಾಗ ಮಗ ಮುಮ್ಮಡಿ ಕೃಷ್ಣರಾಜರಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮುಖವೂ ನೆನಪಿರದ ಆ ತಂದೆಯ ಹೆಸರನ್ನು ಮಗ ಊರಿಗಿಟ್ಟರು; 1826ರಲ್ಲಿ ಈ ಗುಡಿ ಕಟ್ಟಿಸಿದರು.

ಗುಂಡ್ಲುಪೇಟೆಯಲ್ಲಿಯೂ ಇಂಥದೇ ಒಂದುಂಟು, ನೋಡುವವರು ಕಡಿಮೆ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುಂಚೆ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿದ್ದವರು. ತಂದೆಯ ಅಂತ್ಯಸಂಸ್ಕಾರ ನಡೆದ ಗುಂಡ್ಲುಪೇಟೆಯಲ್ಲಿ ಅವರು ಪರವಾಸುದೇವ ದೇವಾಲಯ ಕಟ್ಟಿಸಿದರು. ಕಾಲಾಂತರದಲ್ಲಿ ಮೂರ್ತಿಗಳು ವಿಜಯನಾರಾಯಣನ ಗುಡಿ ಸೇರಿದವು, ಕಟ್ಟಡ ಹಾಳುಬಿದ್ದಿತು. ಊಟಿಯ ದಾರಿಯಲ್ಲಿ ಕಾಫಿಗೆಂದು ಗುಂಡ್ಲುಪೇಟೆಯಲ್ಲಿ ಇಳಿಯುತ್ತೀರಲ್ಲ, ಅರೆಗಳಿಗೆ ಅಲ್ಲಿಗೂ ಹೋಗಿಬನ್ನಿ.