ಸಾಲು ತಪ್ಪಿದ ಸಿಲಿಕಾನ್

ಎಂಬತ್ತರ ದಶಕದಲ್ಲಿ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್‌ಗಳ ಅಂಗಡಿಗಳಿಗೆ ಹೊಸ ಬಗೆಯ ಕ್ಯಾಲ್ಕುಲೇಟರ್ ಬಂತು. ಅದರ ಮೇಲ್ತುದಿಯಲ್ಲಿ ಕಂದುಗೆಂಪು ಬಣ್ಣದ ಪುಟ್ಟ ಪಟ್ಟಿ. ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಸಾಕು, ಸೆಲ್ ಇಲ್ಲದೆಯೇ ಅಂಕಿಗಳು ಮೂಡುತ್ತಿದ್ದವು. ಆ ಪಟ್ಟಿಯಲ್ಲಿದ್ದುದು ಅಸ್ಫಟಿಕ ಸಿಲಿಕಾನ್.

ಅಲ್ಲಿಂದ ಕೆಲವೇ ಮೈಲಿ ಪೂರ್ವಕ್ಕೆ, ವಿಮಾನಪುರದಲ್ಲಿ, ಇಸ್ರೊದ ಉಪಗ್ರಹ ಕೇಂದ್ರವಿದೆ. ಪೀಣ್ಯದ ಶೆಡ್‌ಗಳಲ್ಲಿ ಆರ್ಯಭಟವನ್ನು ಕಟ್ಟಿದ ತಂಡವೇ ಮುಂದೆ ಇಲ್ಲಿ ನೆಲೆಸಿತು. 1975ರ ಏಪ್ರಿಲ್ 19ರಂದು ನಭಕ್ಕೇರಿದ, 26 ಮುಖಗಳ ಆರ್ಯಭಟದ ಮೈತುಂಬ ಇದ್ದ ಸೌರಕೋಶಗಳೂ ಸಿಲಿಕಾನಿನವೇ. ಆದರೆ ಅದು ಸ್ಫಟಿಕ ಸಿಲಿಕಾನ್. ಧಾತು ಒಂದೇ, ಬೆಳಕಿನೊಡನೆ ಅವುಗಳ ವ್ಯವಹಾರ ಮಾತ್ರ ಬೇರೆ ಬೇರೆ.

ಸ್ಫಟಿಕದಲ್ಲಿ ಪರಮಾಣುಗಳು ಪೆರೇಡ್ ಮೈದಾನದ ಸಿಪಾಯಿಗಳಂತೆ ಸಾಲಾಗಿ ನಿಲ್ಲುತ್ತವೆ. ಅಸ್ಫಟಿಕದಲ್ಲಿ ಅವುಗಳ ಸ್ಥಿತಿ ರಸೆಲ್ ಮಾರ್ಕೆಟ್ಟಿನ ಸಂಜೆಯ ಜನಸಂದಣಿಯದು. ಅಕ್ಕಪಕ್ಕದವರ ನಂಟು ಉಂಟು, ದೂರದವರೆಗಿನ ಸಾಲು ಇಲ್ಲ.

ಸ್ಫಟಿಕದ ಈ ಶಿಸ್ತಿಗೆ ಬೆಲೆ ತೆರಬೇಕು. ಬೆಳಕು ಎಲೆಕ್ಟ್ರಾನನ್ನು ಮೇಲೆಬ್ಬಿಸಬೇಕಾದರೆ ಶಕ್ತಿಯ ಜತೆಗೆ ಸಂವೇಗದ ಲೆಕ್ಕವೂ ಸರಿಹೊಂದಬೇಕು. ಅದಕ್ಕೆ ಪರಮಾಣುಗಳ ಕಂಪನದ ನೆರವು ಬೇಕು. ಹೀಗಾಗಿ ಬೆಳಕು ನಿಧಾನವಾಗಿ ಇಂಗುತ್ತದೆ. ಬಿಲ್ಲೆ 150-200 ಮೈಕ್ರಾನ್ ದಪ್ಪವಿರುತ್ತದೆ. ಸಾಲೇ ಇಲ್ಲದ ಕಡೆ ಈ ನಿಯಮ ಸಡಿಲ. ಕಣ್ಣಿಗೆ ಕಾಣುವ ಬೆಳಕಿನ ಬಹುಪಾಲನ್ನು ಒಂದು ಮೈಕ್ರಾನಿಗಿಂತ ತೆಳುವಾದ ಪದರವೇ ಹೀರಿಬಿಡುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಸ್ಫಟಿಕವನ್ನು ಕೆಣಕಲು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬೆಳಕು ಸಾಕು. ಅಸ್ಫಟಿಕಕ್ಕೆ ಸುಮಾರು 1.7 ಬೇಕು. ಅವಕೆಂಪು ಕಿರಣಗಳು, ಕಡುಗೆಂಪಿನ ಒಂದಷ್ಟು ಪಾಲು ಅದನ್ನು ದಾಟಿಹೋಗುತ್ತವೆ. ಪದರದ ಕಂದುಗೆಂಪು ಬಣ್ಣಕ್ಕೆ ಇದೇ ಕಾರಣ. ಬಿಸಿಲಿನಲ್ಲಿ ಇದು ನಷ್ಟ. ಅವಕೆಂಪು ತೀರಾ ಕಡಿಮೆಯಿರುವ ಟ್ಯೂಬ್‌ಲೈಟಿನ ಕೆಳಗೆ ನಷ್ಟ ಅತ್ಯಲ್ಪ.

ಮೊದಮೊದಲು ಈ ಸಿಲಿಕಾನ್ ನಿರುಪಯೋಗಿ ಎನಿಸಿತ್ತು. ಜೋಡಿ ಸಿಗದ ಪರಮಾಣು ಬಂಧಗಳು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತಿದ್ದವು. 1969ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಚಿಟಿಕ್ ಮತ್ತು ಸಂಗಡಿಗರು ಸಿಲೇನ್ ಅನಿಲದಲ್ಲಿ ವಿದ್ಯುತ್ ಹರಿಸಿ ಪದರ ತಯಾರಿಸಿದರು. ಅದರೊಳಗೆ ಸೇರಿಕೊಂಡ ಜಲಜನಕ ಆ ಬಂಧಗಳನ್ನು ಮುಚ್ಚಿತು. ಆರ್ಯಭಟ ಹಾರಿದ 1975ರಲ್ಲೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ಸ್ಪಿಯರ್ ಮತ್ತು ಲೆಕಾಂಬರ್ ಅದನ್ನು ಪಳಗಿಸಿ ನಿಜವಾದ ಅರೆವಾಹಕವಾಗಿಸಿದರು. ಮರುವರ್ಷ ಅಮೆರಿಕದ ಕಾರ್ಲ್‌ಸನ್, ವ್ರಾನ್‌ಸ್ಕಿ ಶೇ 2.4 ದಕ್ಷತೆಯ ಸೌರಕೋಶ ಮಾಡಿದರು. 1980ರಲ್ಲಿ ಜಪಾನಿನ ಸಾನ್ಯೊ ಅದನ್ನು ಕ್ಯಾಲ್ಕುಲೇಟರಿಗೆ ಅಳವಡಿಸಿತು.

ಅಗ್ಗದ ವಿದ್ಯುತ್ತಿನ ಆಸೆ ಎಲ್ಲೆಡೆ ಚಿಗುರಿತು. ಭಾರತದಲ್ಲೂ ಗುರ್‌ಗಾಂವ್ ಬಳಿಯ ಗ್ವಾಲ್‌ಪಹಾರಿಯಲ್ಲಿ ಬಿಎಚ್‌ಇಎಲ್ ಘಟಕ ತಲೆಯೆತ್ತಿತು. ಆದರೆ ಒಂದು ದೋಷ 1977ರಲ್ಲೇ ಬಯಲಾಗಿತ್ತು. ಸ್ಟೇಬ್ಲರ್ ಮತ್ತು ವ್ರಾನ್‌ಸ್ಕಿ ಕಂಡಂತೆ, ಬೆಳಕನ್ನು ಇಷ್ಟು ಚೆನ್ನಾಗಿ ಹೀರುವ ಪದರಕ್ಕೆ ಬೆಳಕೇ ಮುಪ್ಪು ತರುತ್ತದೆ. 150 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದರೆ ಅದು ಚೇತರಿಸಿಕೊಳ್ಳುತ್ತದೆ. ತಾರಸಿಯ ಮೇಲಿನ ಫಲಕವನ್ನು ಹಾಗೆ ಕಾಯಿಸುವುದೆಂತು? ಅಷ್ಟರಲ್ಲಿ ಸ್ಫಟಿಕವೂ ಅಗ್ಗವಾಯಿತು. ಇಂದಿರಾನಗರ, ಕೆ.ಆರ್. ಪುರದ ತಾರಸಿಗಳಲ್ಲಿ ಇಂದು ವಿದ್ಯುತ್ ಕೊಡುವ ಫಲಕಗಳು ಬಹುತೇಕ ಸ್ಫಟಿಕದವೇ.

ತಾರಸಿಯನ್ನು ಕಳೆದುಕೊಂಡ ಪದರ ಮನೆಯೊಳಗೆ ಉಳಿಯಿತು. ಗಾಜಿನ ಮೇಲೆ ವಿಶಾಲವಾಗಿ ಹರಡಬಲ್ಲ ಗುಣ ಅದಕ್ಕೆ ನೆರವಾಯಿತು. 1979ರಲ್ಲಿ ಡಂಡಿಯ ತಂಡವೇ ಅದರಿಂದ ತೆಳುಪದರ ಟ್ರಾನ್ಸಿಸ್ಟರ್ ಮಾಡಿತು. ಎಲ್‌ಸಿಡಿ ಟಿವಿ, ಕಂಪ್ಯೂಟರ್ ಪರದೆಗಳ ಚುಕ್ಕೆ ಚುಕ್ಕೆಯನ್ನೂ ನಿಯಂತ್ರಿಸುವುದು ಬಹುಮಟ್ಟಿಗೆ ಅದೇ. ಅಲ್ಲಿ ಬೆಳಕಿನ ಮೋಹ ತೊಡಕಾದ್ದರಿಂದ ಕಪ್ಪು ಮರೆ ಕಟ್ಟುತ್ತಾರೆ. ಆಸ್ಪತ್ರೆಯ ಡಿಜಿಟಲ್ ಎಕ್ಸ್-ರೇ ಫಲಕದಲ್ಲಿ ಮಾತ್ರ ಆ ಮೋಹವೇ ಬಂಡವಾಳ. ಸೀಸಿಯಂ ಅಯೋಡೈಡ್ ಪದರ ಎಕ್ಸ್-ಕಿರಣವನ್ನು ಹಸಿರು ಬೆಳಕಾಗಿಸುತ್ತದೆ. ಅಸ್ಫಟಿಕ ಸಿಲಿಕಾನ್ ಅದನ್ನು ಹೀರಿ ಮುರಿದ ಮೂಳೆಯ ಚಿತ್ರ ಕೊಡುತ್ತದೆ.