ಪರದೆಗೆ ಬಣ್ಣ ಬಳಿದವರು

ನಮ್ಮಲ್ಲಿ ಬಹುಕಾಲದವರೆಗೆ ಲಾರಿ ಕೊಳ್ಳುವವರು ಕಾರ್ಖಾನೆಯಿಂದ ತರುತ್ತಿದ್ದುದು ಎಂಜಿನ್, ಚಕ್ರ ಮತ್ತು ಉಕ್ಕಿನ ಚೌಕಟ್ಟು ಇಷ್ಟನ್ನೇ. ಇದಕ್ಕೆ ಚಾಸಿ ಎನ್ನುತ್ತಾರೆ. ಅದರ ಮೇಲೆ ಬಾಡಿ ಕಟ್ಟಿ, ಹಿಂಬದಿಗೆ ಗಿಳಿಯನ್ನೋ ಕಮಲವನ್ನೋ ಬರೆದು, ನೆತ್ತಿಯ ಮೇಲೆ ಮನೆದೇವರ ಹೆಸರು ಹಾಕುವುದು ಊರ ಕಡೆಯ ಶೆಡ್ಡಿನವರ ಕೆಲಸ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯ ವಿಷಯದಲ್ಲಿ ಹೀಗಾಗಲಿಲ್ಲ. ಎಂಜಿನ್ ಮಾಡಿದ ಕಂಪನಿಯೇ ಬಾಡಿಯನ್ನೂ ಕಟ್ಟಿ, ಬಣ್ಣ ಬಳಿದು ಕೈಗಿತ್ತಿತು. 1995ರಲ್ಲಿ ಬಂದ ವಿಂಡೋಸ್ 95 ಜಗತ್ತಿನ ಕೋಟ್ಯಂತರ ಮೇಜುಗಳ ಮೇಲೆ ಒಂದೇ ಬೂದು ಬಣ್ಣದ ಚೌಕಟ್ಟನ್ನು ಕೂರಿಸಿತು. ಹಿನ್ನೆಲೆಯ ಚಿತ್ರವನ್ನೂ ಕೆಲವು ಬಣ್ಣಗಳನ್ನೂ ಬದಲಾಯಿಸಬಹುದಿತ್ತು. ಕಿಟಕಿಯ ಆಕಾರ, ಗುಂಡಿಗಳ ರೂಪ ಮಾತ್ರ ಅದನ್ನು ಮಾಡಿದವರದ್ದೇ.

ಈ ಬೂದು ಬಣ್ಣವನ್ನು ಒಪ್ಪದ ಹವ್ಯಾಸಿಗಳು ಹಲವರಿದ್ದರು. ಅವರ ಚರಿತ್ರೆಯನ್ನು ಅಮೆರಿಕದ ಮಿಷಿಗನ್ ರಾಜ್ಯದ ಸ್ಟಾರ್‌ಡಾಕ್ ಎಂಬ ಕಂಪನಿಯನ್ನು ಬಿಟ್ಟು ಹೇಳಲಾಗದು.

ಬ್ರಾಡ್ ವಾರ್ಡೆಲ್ ಎಂಬ ಯುವಕ 1991ರಲ್ಲಿ, ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಓದಿನ ಖರ್ಚಿಗೆಂದು ಈ ಕಂಪನಿಯನ್ನು ಆರಂಭಿಸಿದ. ಅದು ಮೊದಲು ನೆಚ್ಚಿಕೊಂಡದ್ದು ವಿಂಡೋಸನ್ನಲ್ಲ, ಐಬಿಎಂ ಕಂಪನಿಯ ಓಎಸ್/2 ಎಂಬ ವ್ಯವಸ್ಥೆಯನ್ನು. ಅದಕ್ಕೊಂದು ಅಂತರಿಕ್ಷದ ಆಟ ಮಾಡಿತು. 1995ರಲ್ಲಿ ಆಬ್ಜೆಕ್ಟ್ ಡೆಸ್ಕ್‌ಟಾಪ್ ಎಂಬ ಉಪಕರಣಗಳ ಕಟ್ಟನ್ನು ಹೊರತಂದಿತು. ಪರದೆಯನ್ನು ಬಳಕೆದಾರನ ಇಷ್ಟದಂತೆ ಜೋಡಿಸಿಕೊಡುವ ಕಟ್ಟು ಅದು. ಆದರೆ ವಿಂಡೋಸಿನ ಮುಂದೆ ಓಎಸ್/2 ನಿಲ್ಲಲಿಲ್ಲ. 1996ರ ನಾಲ್ಕನೆಯ ಆವೃತ್ತಿಯ ನಂತರ ಮನೆಬಳಕೆಯ ಗ್ರಾಹಕರಲ್ಲಿ ಐಬಿಎಂಗೂ ಆಸಕ್ತಿ ಉಳಿಯಲಿಲ್ಲ. ಕಾಲಡಿಯ ನೆಲವೇ ಕುಸಿದಂತಾಗಿ, 1998ರ ಹೊತ್ತಿಗೆ ಸ್ಟಾರ್‌ಡಾಕ್ ತನ್ನ ನೌಕರರಲ್ಲಿ ಬಹುಪಾಲನ್ನು ಕಳೆದುಕೊಂಡಿತ್ತು.

ಮುಂದೆ ನಡೆದದ್ದನ್ನು ವಿದ್ಯಾರ್ಥಿ ಮಿತ್ರರು ಗಮನವಿಟ್ಟು ನೋಡಬೇಕು. ಕಂಪನಿ ವಿಂಡೋಸಿಗೆ ಹೊಸದಾಗಿ ಉಪಕರಣಗಳನ್ನು ಬರೆಯಲು ಹೊರಟಾಗ ಹಳೆಯ ಓಎಸ್/2 ಗ್ರಾಹಕರು ಮುಂಗಡವಾಗಿ ಚಂದಾ ಕಟ್ಟಿದರು. ಆಗ ಸರಕು ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ. ಪ್ರಕಟವಾಗದ ಪುಸ್ತಕಕ್ಕೆ ಓದುಗರು ಹಣ ಕೊಟ್ಟು ಹೆಸರು ಬರೆಸುವ ಪದ್ಧತಿ ಕನ್ನಡ ಪ್ರಕಾಶಕರಿಗೂ ಗೊತ್ತಿರುವಂಥದ್ದೇ. ಕಂಪನಿ ಗ್ರಾಹಕರನ್ನು ಪೋಷಿಸಿತು ಎಂದು ಮುಂದೆ ಹೇಳಲಿದ್ದೇನೆ. ಮೊದಲು ಪೋಷಿಸಿದವರು ಗ್ರಾಹಕರು ಎಂಬುದನ್ನು ನೆನಪಿಡಿ.

ಆ ಹಣದಿಂದ ಬೆಳೆದ ಮುಖ್ಯ ತಂತ್ರಾಂಶ ವಿಂಡೋಬ್ಲೈಂಡ್ಸ್. ಅದರ ಕೆಲಸ ಹೀಗೆ. ಸಾಮಾನ್ಯವಾಗಿ ತಂತ್ರಾಂಶ ತನ್ನ ಕಿಟಕಿಯ ಚೌಕಟ್ಟನ್ನು ತಾನೇ ಬರೆಯುವುದಿಲ್ಲ. ಬರೆದುಕೊಡು ಎಂದು ವಿಂಡೋಸನ್ನು ಕೇಳುತ್ತದೆ. ವಿಂಡೋಬ್ಲೈಂಡ್ಸ್ ಆ ಕೋರಿಕೆಯನ್ನು ನಡುವೆಯೇ ತಡೆದು, ಬೂದು ಚೌಕಟ್ಟಿನ ಜಾಗದಲ್ಲಿ ಇನ್ನೊಬ್ಬರು ಬರೆದ ಚಿತ್ರವನ್ನು ಇಡುತ್ತದೆ. ಈ ಚಿತ್ರಗಳ ಗುಂಪಿಗೆ ಸ್ಕಿನ್ ಎಂದು ಹೆಸರು. ಚರ್ಮ ಎನ್ನುವುದಕ್ಕಿಂತ ಹೊದಿಕೆ ಎನ್ನುವುದು ನನಗೆ ಹಿತ.

ಹೊದಿಕೆ ಹೊಲಿಯುವುದು ಸುಲಭವಲ್ಲ. ಕಿಟಕಿಯನ್ನು ಬಳಕೆದಾರ ಎಷ್ಟು ದೊಡ್ಡದಾಗಿ ಎಳೆಯುತ್ತಾನೋ ಯಾರಿಗೆ ಗೊತ್ತು? ಆದ್ದರಿಂದ ಚೌಕಟ್ಟನ್ನು ಪಟ್ಟಿಗಳಾಗಿ ಬರೆಯಬೇಕು. ಮೂಲೆಗಳು ಹಿಗ್ಗಬಾರದು, ನಡುವಿನ ಭಾಗ ಮಾತ್ರ ಹಿಗ್ಗಬೇಕು ಅಥವಾ ಮರುಕಳಿಸಬೇಕು. ಸೀರೆಯ ಅಂಚು ಉದ್ದಕ್ಕೂ ಮರುಕಳಿಸುತ್ತದೆ, ಸೆರಗಿನ ಚಿತ್ತಾರ ಒಂದೇ ಕಡೆ ನಿಲ್ಲುತ್ತದೆಯಲ್ಲ, ಹಾಗೆ. ಒಂದೊಂದು ಗುಂಡಿಗೂ ಸುಮ್ಮನಿದ್ದಾಗಿನದು, ಮೌಸಿನ ಬಾಣ ಮೇಲೆ ಬಂದಾಗಿನದು, ಒತ್ತಿದಾಗಿನದು ಎಂದು ಬೇರೆ ಬೇರೆ ಚಿತ್ರ ಬೇಕು. ಬಳಕೆಯಲ್ಲಿರುವ ಕಿಟಕಿಗೆ ಒಂದು ರೂಪ, ಹಿಂದೆ ಸರಿದ ಕಿಟಕಿಗೆ ಇನ್ನೊಂದು. ಯಾವ ಚಿತ್ರ ಎಲ್ಲಿ, ಅಂಚಿನಿಂದ ಎಷ್ಟು ಚುಕ್ಕೆಗಳನ್ನು ಹಿಗ್ಗಿಸದೆ ಬಿಡಬೇಕು ಎಂಬುದನ್ನೆಲ್ಲ ಒಂದು ಪಠ್ಯ ಕಡತದಲ್ಲಿ ನಮೂದಿಸಬೇಕು. ಇಷ್ಟಾದ ಮೇಲೂ ತಮ್ಮ ಚೌಕಟ್ಟನ್ನು ತಾವೇ ಬರೆದುಕೊಳ್ಳುವ ಕೆಲವು ಹಟಮಾರಿ ತಂತ್ರಾಂಶಗಳು ಹೊದಿಕೆಗೆ ಬಗ್ಗುವುದಿಲ್ಲ. ದೂರದರ್ಶನದಲ್ಲಿ ಸೆಟ್ ಹಾಕುವವರ ಕಷ್ಟವನ್ನು ದಿನವೂ ನೋಡುವ ನನಗೆ ಈ ಕೆಲಸದ ಮೇಲೆ ವಿಶೇಷ ಗೌರವವಿದೆ. ವಾರ್ತೆಯನ್ನು ಎಲ್ಲರೂ ಕೇಳುತ್ತಾರೆ, ಹಿಂದಿನ ಹಲಗೆ ಯಾರು ಬರೆದದ್ದೆಂದು ಯಾರೂ ಕೇಳುವುದಿಲ್ಲ.

ಇಂಥ ಕೆಲಸವನ್ನು ಸಾವಿರಾರು ಜನ ಸಂಬಳವಿಲ್ಲದೆ ಮಾಡಿದರು. 1997ರಲ್ಲಿ ಬಂದ ವಿನ್‌ಆಂಪ್ ಎಂಬ ಹಾಡು ನುಡಿಸುವ ತಂತ್ರಾಂಶ ಹೊದಿಕೆ ಬದಲಿಸಲು ಅವಕಾಶ ಕೊಟ್ಟು ಈ ಹುಚ್ಚನ್ನು ಹರಡಿತ್ತು. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಸೈಬರ್ ಕೆಫೆಯ ಒಂದೊಂದು ಯಂತ್ರದಲ್ಲೂ ಅದು ಒಂದೊಂದು ವೇಷದಲ್ಲಿರುತ್ತಿತ್ತು. ಹೊದಿಕೆಗಳನ್ನು ಕೂಡಿಟ್ಟು ಹಂಚುವ ಸ್ವತಂತ್ರ ಭಂಡಾರಗಳು ಅಂತರ್ಜಾಲದಲ್ಲಿ ಹುಟ್ಟಿಕೊಂಡವು. ಅವುಗಳ ಆದಾಯ ಜಾಹೀರಾತು. 2000–01ರಲ್ಲಿ ಅಂತರ್ಜಾಲ ಕಂಪನಿಗಳ ಗುಳ್ಳೆ ಒಡೆದು ಜಾಹೀರಾತು ಬತ್ತಿದಾಗ ಅವು ತತ್ತರಿಸಿದವು. ಒಂದು ಹೊದಿಕೆ ಇಳಿಸಿಕೊಳ್ಳುವವನಿಗೆ ಅದು ಪುಕ್ಕಟೆ. ಲಕ್ಷ ಜನ ಇಳಿಸಿಕೊಂಡಾಗ ಅದರ ಸಾಗಣೆಯ ಬಿಲ್ಲು ಯಾರಾದರೂ ಕಟ್ಟಲೇಬೇಕು.

2001ರಲ್ಲಿ ಸ್ಟಾರ್‌ಡಾಕ್ ವಿನ್‌ಕಸ್ಟಮೈಜ್ ಎಂಬ ತನ್ನದೇ ಭಂಡಾರವನ್ನು ತೆರೆದು ಆ ಬಿಲ್ಲನ್ನು ಹೊತ್ತುಕೊಂಡಿತು. ತನ್ನದಲ್ಲದ ಕೆಲವು ತಂತ್ರಾಂಶಗಳ ಹೊದಿಕೆಗಳಿಗೂ ಜಾಗ ಕೊಟ್ಟಿತು. ಚಿತ್ರಕಾರರಿಗಾಗಿ ಸ್ಕಿನ್‌ಸ್ಟುಡಿಯೋ ಎಂಬ ಉಪಕರಣ ಮಾಡಿತು. ಮುಂದೆ ನುರಿತವರು ತಮ್ಮ ಹೊದಿಕೆಗಳನ್ನು ಅಲ್ಲಿಯೇ ಬೆಲೆಗೆ ಮಾರಲೂ ಅವಕಾಶವಾಯಿತು. ಇದು ದಾನವೇನಲ್ಲ. ಹೊದಿಕೆಗಳಿಲ್ಲದ ವಿಂಡೋಬ್ಲೈಂಡ್ಸ್ ಕ್ಯಾಸೆಟ್ಟಿಲ್ಲದ ಟೇಪ್‌ರೆಕಾರ್ಡರ್. ಹವ್ಯಾಸಿಗಳು ಹೊಲಿದಷ್ಟೂ ಕಂಪನಿಯ ಸರಕಿಗೆ ಬೆಲೆ. ಆದರೂ ಸ್ವತಂತ್ರ ಭಂಡಾರಗಳು ತತ್ತರಿಸುತ್ತಿದ್ದಾಗ ಈ ಕೆಲಸಕ್ಕೆ ನೆಲೆ ಉಳಿಸಿದ್ದು ಇಂಥ ಸ್ವಾರ್ಥವೇ ಎನ್ನುವುದೂ ನಿಜ. ನನಗೆ ಚಿಂತೆ ಹುಟ್ಟಿಸುವುದು ಇನ್ನೊಂದು. ಹಲವು ದೇಶಗಳ ಜನರ ವರ್ಷಗಳ ಕೆಲಸ ಒಂದೇ ಕಂಪನಿಯ ಕಪಾಟಿನಲ್ಲಿ ಸೇರಿತು. ಆ ಕಪಾಟಿನ ಬೀಗದ ಕೈ ಬರೆದವರ ಬಳಿ ಇರಲಿಲ್ಲ.

ರೂಪ ಯಾರ ಸ್ವತ್ತು ಎಂಬ ಜಗಳವೂ ಆ ಹೊತ್ತಿಗೆ ಶುರುವಾಗಿತ್ತು. 2000ದ ಜನವರಿಯಲ್ಲಿ ಆಪಲ್ ಕಂಪನಿ ಅಕ್ವಾ ಎಂಬ ಹೊಸ ರೂಪವನ್ನು ತೋರಿಸಿತು. ನೀರ ಹನಿಯಂಥ ಗುಂಡಿಗಳು, ಹೊಳೆಯುವ ನೀಲಿ. ಆಪಲ್ ಅದನ್ನು ಮಾರುಕಟ್ಟೆಗೆ ತರುವ ಮೊದಲೇ ಹವ್ಯಾಸಿಗಳು ಅದರಂಥ ಹೊದಿಕೆ ಹೊಲಿದು ವಿಂಡೋಸಿಗೆ ಹೊದಿಸಿಬಿಟ್ಟರು. ಅಂಥವನ್ನು ತೆಗೆದುಹಾಕುವಂತೆ ಆಪಲ್ ವಕೀಲರಿಂದ ಭಂಡಾರಗಳಿಗೆ ಪತ್ರಗಳು ಬಂದವು. ಹವ್ಯಾಸಿಗಳಲ್ಲೇ ಒಬ್ಬರ ಗುಂಡಿಯನ್ನು ಇನ್ನೊಬ್ಬರು ಕದ್ದ ದೂರುಗಳಿಗೂ ಕೊರತೆ ಇರಲಿಲ್ಲ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸ್ವತಃ ಹೊದಿಕೆ ಹೊತ್ತೇ ಬಂತು. ನೀಲಿ, ಎಳೆಹಸಿರು, ಬೆಳ್ಳಿ, ಹೀಗೆ ಮೂರು ಬಣ್ಣ. ಹೊದಿಕೆ ಬದಲಿಸುವ ಯಂತ್ರವೂ ಒಳಗಿತ್ತು. ಆದರೆ ಮೈಕ್ರೋಸಾಫ್ಟಿನ ಸಹಿ ಇಲ್ಲದ ಹೊದಿಕೆಯನ್ನು ಅದು ಒಪ್ಪುತ್ತಿರಲಿಲ್ಲ. ಕೆಲವರು ಸಹಿ ಪರೀಕ್ಷಿಸುವ ಕಡತವನ್ನೇ ತಿದ್ದಿ ಒಳನುಗ್ಗಿದರು. ವಿಂಡೋಬ್ಲೈಂಡ್ಸ್ ತನ್ನದೇ ದಾರಿಯಲ್ಲಿ ನಡೆಯಿತು. ಮೂರರಲ್ಲಿ ಒಂದನ್ನು ಆರಿಸಿಕೋ ಎನ್ನುವುದನ್ನು ಸ್ವಾತಂತ್ರ್ಯ ಎನ್ನಬಹುದೇ? ತರಗತಿಯಲ್ಲಿ ಚರ್ಚಿಸಲು ಒಳ್ಳೆಯ ವಿಷಯ.

2007ರ ನಂತರ ಜನರ ಕಣ್ಣು ಮೇಜಿನ ಪರದೆಯಿಂದ ಅಂಗೈಯ ಪರದೆಗೆ ಸರಿಯಿತು. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ಕಿತ್ತುಹಾಕಿದಾಗ ಸ್ಟಾರ್‌ಡಾಕ್ ಸ್ಟಾರ್ಟ್8 ಎಂಬ ತಂತ್ರಾಂಶದಿಂದ ಅದನ್ನು ಮರಳಿ ಕೂರಿಸಿತು. ಆಗ ಅಲಂಕಾರ ಬೇಡವೆನ್ನುವವರೂ ಹಣ ಕೊಟ್ಟು ಕೊಂಡರು. ಕೈಗೆ ರೂಢಿಯಾದದ್ದನ್ನು ಕೇಳದೆ ಕಸಿದರೆ ಹಾಗೆಯೇ.

ಹಳೆಯ ಹೊದಿಕೆಗಳ ಪಾಡು ಬೇರೆ. 800 ಚುಕ್ಕೆ ಅಗಲ, 600 ಚುಕ್ಕೆ ಎತ್ತರದ ಪರದೆಗಳ ಕಾಲದಲ್ಲಿ ಅವನ್ನು ಚುಕ್ಕೆ ಚುಕ್ಕೆಯಾಗಿ ಬರೆದಿದ್ದರು. ಚುಕ್ಕೆಗಳು ಒತ್ತೊತ್ತಾಗಿರುವ ಇಂದಿನ ಪರದೆಯಲ್ಲಿ ಆ ಗುಂಡಿಗಳು ಸಾಸಿವೆ ಕಾಳಿನಷ್ಟಾಗುತ್ತವೆ. ದೊಡ್ಡದು ಮಾಡಿದರೆ ಮಸುಕು. 2022ರಲ್ಲಿ ಬಂದ ವಿಂಡೋಬ್ಲೈಂಡ್ಸ್ 11 ಒತ್ತುಚುಕ್ಕೆಯ ಪರದೆಗಳಿಗೆ ಹೊಂದಿಕೊಂಡಿದೆ. ಚಿತ್ರಗಳನ್ನು ಮಾತ್ರ ಯಾರಾದರೂ ಹೊಸದಾಗಿ ಬರೆಯಬೇಕು. ಅವನ್ನು ಬರೆದಾಗ ನಿಮ್ಮ ವಯಸ್ಸಿನವರಾಗಿದ್ದವರು ಈಗ ನನ್ನ ವಯಸ್ಸಿನವರು.